ವಿದ್ಯಾರ್ಥಿಯಾಗಿಯೇ ಉಳಿದ ಗಾಯಕ: ಪಂಡಿತ ಮಲ್ಲಿಕಾರ್ಜುನ ಮನ್ಸೂರ

ಧಾರವಾಡದ ಸಮೀಪದ ಮನ್ಸೂರ ಗ್ರಾಮದಲ್ಲಿ 1910ರ ಡಿಸೆಂಬರ್ 31ರಂದು ಜನಿಸಿದ ಪಂಡಿತ ಮಲ್ಲಿಕಾರ್ಜುನ ಮನ್ಸೂರರನ್ನು ನಾವು ಮಹಾಗಾಯಕರೆಂದು ಸ್ಮರಿಸುತ್ತೇವೆ. ಅವರ ವಿದ್ಯಾರ್ಥಿಜೀವನವೂ ಅಷ್ಟೇ ಸ್ಮರಣೀಯವಾದುದು.

ಬಾಲ್ಯದಲ್ಲಿಯೇ ನಾಟಕ ಕಂಪನಿಯ ರಂಗವೇರಿದ ಅವರು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನೂ, ಅನಂತರ ಮಿರಜಿನ ನೀಲಕಂಠಬುವಾ ಆಲೂರಮಠ ಅವರಲ್ಲಿ ಗ್ವಾಲಿಯರ್ ಘರಾಣೆಯ ಗಾಯನವನ್ನೂ ಅಭ್ಯಸಿಸಿದರು. ಧ್ವನಿಮುದ್ರಿಕೆಗಳು ಹೊರಬಂದು ಹೆಸರು ಹಬ್ಬಿತು. ಕಲಿತದ್ದು ಸಾಕೆಂದು ಅವರು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಜಯಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಗಾಯನ ಅವರನ್ನು ಸೆಳೆಯಿತು. ಹೆಸರು ಗಳಿಸಿದ್ದ ಗಾಯಕರು ಮುಂಬಯಿಯಲ್ಲಿ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಆ ಗುರುಗಳು ತೀರಿಕೊಂಡಾಗ ಕಲಿಕೆ ಅರ್ಧಕ್ಕೆ ನಿಂತಿತು. ಮನ್ಸೂರರು ಅದನ್ನು ಕೈಬಿಡದೆ, ಗುರುಗಳ ತಮ್ಮ ಭುರ್ಜೀಖಾನರಲ್ಲಿ ಮುಂದುವರಿಸಿದರು. ಅಪರೂಪದ ರಾಗಗಳ ಮೇಲೆ ಅವರು ಪಡೆದ ಪ್ರಭುತ್ವ ಈ ಸಾಧನೆಯ ಫಲ. ಶರಣರ ವಚನಗಳನ್ನೂ ಅವರು ತನ್ಮಯರಾಗಿ ಹಾಡಿದರು. 1992ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷದ ಸೆಪ್ಟೆಂಬರ್ 12ರಂದು ಲಿಂಗೈಕ್ಯರಾದರು.

ಕಲೆಯನ್ನೇ ಬದುಕಾಗಿಸಿಕೊಳ್ಳುವ ಕನಸು ಹೊತ್ತ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಹೊಟ್ಟೆಪಾಡಿನ ಚಿಂತೆಯನ್ನು ಮುಂದಿಟ್ಟು ಅವರನ್ನು ತಡೆಯುವ ಮೊದಲು ಹಿರಿಯರಾದ ನಾವು ಅವರಿಗೊಬ್ಬ ಸಮರ್ಥ ಗುರುವನ್ನು ಹುಡುಕಿಕೊಡೋಣ. ಮೊದಲ ಚಪ್ಪಾಳೆಗೇ ಕಲಿಕೆ ಮುಗಿಯಿತೆಂದು ಮಕ್ಕಳೂ ಭಾವಿಸದಿರಲಿ.