ಸೈಕ್ಲೋನ್‌ಗೆ ಹೆಸರು ಕೊಟ್ಟ ಹೆನ್ರಿ ಪಿಡಿಂಗ್ಟನ್, ಅವರು ಬೇಡವೆಂದ ಬಂದರು

ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿಗೆ ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಸಾಕು, ‘ಸೈಕ್ಲೋನ್ ಅಂತೆ’ ಎಂಬ ಮಾತು ಶುರುವಾಗುತ್ತದೆ. ಬಿಸಿಲಿಲ್ಲದ ಚಳಿ ದಿನಕ್ಕೆ ಅದೇ ಹೆಸರು ಎನ್ನುವಷ್ಟು ಈ ಪದ ನಮಗೆ ಸಲೀಸಾಗಿದೆ. ಇದು ಇಂಗ್ಲೆಂಡಿನ ಯಾವುದೋ ಪ್ರಯೋಗಾಲಯದಿಂದ ಬಂದ ಪದವಲ್ಲ. ಸುಮಾರು 175 ವರ್ಷಗಳ ಹಿಂದೆ ಕೋಲ್ಕತ್ತದಲ್ಲಿ ಕುಳಿತು, ಹಡಗುಗಳ ಲಾಗ್‌ಬುಕ್‌ಗಳನ್ನು ನಕ್ಷೆಯ ಮೇಲೆ ಹರಡಿಕೊಂಡು ಕೆಲಸ ಮಾಡುತ್ತಿದ್ದ ಒಬ್ಬ ಮಾಜಿ ಕ್ಯಾಪ್ಟನ್ ಇದನ್ನು ರೂಪಿಸಿದರು. ಅವರ ಹೆಸರು ಹೆನ್ರಿ ಪಿಡಿಂಗ್ಟನ್. ಪದ ಕೊಟ್ಟಿದ್ದಕ್ಕಾಗಿ ಅವರನ್ನು ನೆನೆಯುವವರು ಹೆಚ್ಚು. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಒಂದು ಊರನ್ನು ಎಲ್ಲಿ ಕಟ್ಟಬಾರದು ಎಂದು ಅವರು ಹೇಳಿದ ಮಾತು.

ಪಿಡಿಂಗ್ಟನ್ ಹುಟ್ಟಿದ್ದು 1797ರಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ. ವ್ಯಾಪಾರಿ ಹಡಗುಗಳಲ್ಲಿ ಭಾರತ, ಚೀನಾ ಕಡೆ ಓಡಾಡಿ, ಕೊನೆಗೆ ಕೋಲ್ಕತ್ತದಲ್ಲಿ ನೆಲೆ ನಿಂತರು. ಅಲ್ಲಿ ಖನಿಜಗಳ ವಸ್ತುಸಂಗ್ರಹಾಲಯದ ಕ್ಯುರೇಟರ್ ಆದರು, ಹಡಗು ಅಪಘಾತಗಳ ವಿಚಾರಣೆ ನಡೆಸುವ ನ್ಯಾಯಾಲಯದ ಅಧ್ಯಕ್ಷರೂ ಆದರು. ಹಡಗು ಯಾಕೆ ಮುಳುಗಿತು ಎಂದು ಕೇಳುವುದೇ ಕೆಲಸವಾದವರಿಗೆ ಬಿರುಗಾಳಿಯ ಬಗ್ಗೆ ಕುತೂಹಲ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ಬಹುಪಾಲು ನಾವಿಕರ ಲೆಕ್ಕದಲ್ಲಿ ಬಿರುಗಾಳಿ ಎಂದರೆ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ನೇರವಾಗಿ ನುಗ್ಗುವ ಜೋರು ಗಾಳಿ, ಅಷ್ಟೇ. ಅದು ಸುತ್ತುವ ಗಾಳಿ ಎಂದು ಅಮೆರಿಕದ ವಿಲಿಯಂ ರೆಡ್‌ಫೀಲ್ಡ್ ವಾದಿಸಿದ್ದರು. ವಿಲಿಯಂ ರೀಡ್ ಎಂಬ ಬ್ರಿಟಿಷ್ ಸೇನಾಧಿಕಾರಿ 1838ರಲ್ಲಿ ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅದು ಬಂಗಾಳ ಕೊಲ್ಲಿಗೂ ಹೊಂದುತ್ತದೆಯೇ ಎಂದು ನೋಡಲು ಪಿಡಿಂಗ್ಟನ್ ಹೊರಟರು. 1839ರ ಜೂನ್‌ನಲ್ಲಿ ಕೊಲ್ಲಿಯಲ್ಲಿ ಎದ್ದ ಬಿರುಗಾಳಿಯಿಂದ ಅವರ ಕೆಲಸ ಆರಂಭವಾಯಿತು.

ಅವರ ವಿಧಾನವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಉಪಗ್ರಹವಿಲ್ಲ, ತಂತಿ ಸಂದೇಶವಿಲ್ಲ. ಇದ್ದದ್ದು ಲಾಗ್‌ಬುಕ್ ಮಾತ್ರ. ಇಷ್ಟು ಗಂಟೆಗೆ ಹಡಗು ಎಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ವಾಯುಭಾರ ಮಾಪಕ ಎಷ್ಟು ತೋರಿಸುತ್ತಿತ್ತು ಎಂದು ಕ್ಯಾಪ್ಟನ್‌ಗಳು ಅದರಲ್ಲಿ ಬರೆದಿಡುತ್ತಿದ್ದರು. ಒಂದೇ ಪುಸ್ತಕ ಓದಿದರೆ ಅದು ಒಬ್ಬನ ಕಷ್ಟದ ಕಥೆ. ಒಂದೇ ಬಿರುಗಾಳಿಗೆ ಸಿಕ್ಕ ಹಲವು ಹಡಗುಗಳ ಪುಸ್ತಕಗಳನ್ನು ಕೂಡಿಸಿ, ಒಂದೇ ದಿನ, ಒಂದೇ ಹೊತ್ತಿನ ಗಾಳಿಯನ್ನು ನಕ್ಷೆಯಲ್ಲಿ ಬಾಣಗಳಾಗಿ ಗುರುತಿಸಿದರೆ ಬಾಣಗಳೆಲ್ಲ ಒಂದು ಜಾಗದ ಸುತ್ತ ತಿರುಗಿ ನಿಲ್ಲುತ್ತವೆ. ಆ ಜಾಗವೇ ಬಿರುಗಾಳಿಯ ಕೇಂದ್ರ. ಮರುದಿನದ ನಕ್ಷೆಯಲ್ಲಿ ಕೇಂದ್ರ ಬೇರೆ ಕಡೆ ಇರುತ್ತದೆ. ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದು ನಡೆದ ದಾರಿ ಸಿಗುತ್ತದೆ. ಹೀಗೆ ಒಂದೊಂದೇ ಬಿರುಗಾಳಿಯ ದಾರಿಯನ್ನು ಅವರು ಸುಮಾರು ಎರಡು ದಶಕ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸುತ್ತಾ ಹೋದರು.

ಅವರಿಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ‘ಚಾರ್ಲ್ಸ್ ಹೆಡಲ್’ ಎಂಬ ಹಡಗು. 1845ರ ಫೆಬ್ರವರಿಯಲ್ಲಿ ಮಾರಿಷಸ್‌ನಿಂದ ಹೊರಟ ಈ ಹಡಗು ಬಿರುಗಾಳಿಗೆ ಸಿಕ್ಕಿ, ಗಾಳಿಗೆ ಬೆನ್ನು ಕೊಟ್ಟು ಸುಮಾರು ಐದು ದಿನ ಓಡಿತು. ಲಾಗ್‌ಬುಕ್ ಪ್ರಕಾರ ಓಡಿದ್ದು ಸಾವಿರ ಮೈಲಿಗೂ ಹೆಚ್ಚು. ನಿಜವಾಗಿ ಜಾಗ ಬಿಟ್ಟು ಸರಿದದ್ದು ನಾನೂರು ಮೈಲಿಯೂ ಇಲ್ಲ! ಗಾಣದೆತ್ತಿನಂತೆ ಅದು ಕೇಂದ್ರದ ಸುತ್ತ ಸುತ್ತು ಹಾಕುತ್ತಿತ್ತು, ಗಾಣವೂ ನಿಧಾನವಾಗಿ ಮುಂದೆ ಸರಿಯುತ್ತಿತ್ತು.

ಇದರಿಂದ ನಾವಿಕನಿಗೆ ಏನು ಲಾಭ? ಭೂಮಿಯ ಉತ್ತರಾರ್ಧದಲ್ಲಿ ಈ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹಾಗಾಗಿ ಗಾಳಿಗೆ ಮುಖ ಮಾಡಿ ನಿಂತರೆ ಕೇಂದ್ರ ಹೆಚ್ಚುಕಡಿಮೆ ನಿಮ್ಮ ಬಲಕ್ಕಿರುತ್ತದೆ. ಗಾಳಿ ಪೂರ್ವದಿಂದ ಬರುತ್ತಿದ್ದರೆ ಅಪಾಯ ದಕ್ಷಿಣಕ್ಕಿದೆ, ಹಡಗು ತಿರುಗಿಸಿ. ಇದನ್ನು ಪಿಡಿಂಗ್ಟನ್ 1844ರಲ್ಲಿ ಒಂದು ಕೈಪಿಡಿಯಾಗಿ ತಂದರು. ಅದರ ಹೆಸರಿನಲ್ಲಿದ್ದ ‘ಹಾರ್ನ್‌ಬುಕ್’ ಎಂದರೆ ಇಂಗ್ಲಿಷ್ ಮಕ್ಕಳು ಅಕ್ಷರ ಕಲಿಯುತ್ತಿದ್ದ, ಕೊಂಬಿನ ತೆಳುಪದರ ಹೊದಿಸಿದ ಹಲಗೆ. ನಮ್ಮಲ್ಲಿ ಓನಾಮ ಎಂದಂತೆ. ಜೊತೆಗೆ ಅದೇ ಕೊಂಬಿನಿಂದ ಮಾಡಿದ ಪಾರದರ್ಶಕ ಬಿಲ್ಲೆಗಳನ್ನೂ ಕೊಟ್ಟರು. ಮೇಲೆ ಗಾಳಿಯ ದಿಕ್ಕು ತೋರಿಸುವ ವೃತ್ತಗಳು. ಕ್ಯಾಪ್ಟನ್ ಬಿಲ್ಲೆಯನ್ನು ನಕ್ಷೆಯ ಮೇಲಿಟ್ಟು ಸರಿಸಿದರೆ ಕೇಂದ್ರ ಎಲ್ಲಿದೆ ಎಂದು ಕಾಣುತ್ತಿತ್ತು. ವಾಸ್ತವದಲ್ಲಿ ಗಾಳಿ ಕೇಂದ್ರದ ಕಡೆಗೆ ಒಳಬಾಗಿ ಬೀಸುವುದರಿಂದ ಪೂರ್ಣ ವೃತ್ತದ ಲೆಕ್ಕ ಸ್ವಲ್ಪ ತಪ್ಪುತ್ತದೆ. ಅದನ್ನು ನಂತರದವರು ಸರಿಪಡಿಸಿದರು. ಆದರೂ ಏನೂ ತಿಳಿಯದೆ ಓಡುವುದಕ್ಕಿಂತ ಇದು ಎಷ್ಟೋ ಮೇಲು.

‘ಸೈಕ್ಲೋನ್’ ಪದ ಬಂದದ್ದೂ ಇದೇ ಕೆಲಸದಲ್ಲಿ. ಹಾವು ಸುರುಳಿ ಸುತ್ತಿಕೊಂಡಂತೆ ಎಂಬ ಅರ್ಥ ಕೊಡುವ ಗ್ರೀಕ್ ಮೂಲದಿಂದ ಅವರು ಅದನ್ನು ಕಟ್ಟಿದರು. ಗಾಳಿ ಎಷ್ಟು ಜೋರು ಎಂದು ಹೇಳುವ ಪದಗಳು ಆಗಲೇ ಬೇಕಾದಷ್ಟಿದ್ದವು. ಗಾಳಿ ಹೇಗೆ ಚಲಿಸುತ್ತದೆ ಎಂದು ಹೇಳುವ ಪದ ಅವರಿಗೆ ಬೇಕಿತ್ತು.

ಈಗ ನೆಲಕ್ಕೆ ಬರೋಣ. ಚಂಡಮಾರುತದಲ್ಲಿ ಗಾಳಿಯೇ ದೊಡ್ಡ ಕೊಲೆಗಾರ ಎಂಬ ನಂಬಿಕೆ ಇಂದಿಗೂ ಇದೆ. ಬಂಗಾಳ ಕೊಲ್ಲಿಯ ಚರಿತ್ರೆಯಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಗಾಳಿಯಲ್ಲ, ಅದು ತಳ್ಳಿ ತಂದ ನೀರು. ಭೂಕಂಪದಿಂದ ಏಳುವ ಸುನಾಮಿಯೇ ಬೇರೆ, ಇದೇ ಬೇರೆ. ಕೊಲ್ಲಿಯ ತುದಿ ಆಲಿಕೆಯಂತೆ ಕಿರಿದಾಗುತ್ತದೆ, ಅಲ್ಲಿ ಸಮುದ್ರದ ತಳ ಆಳವಿಲ್ಲ, ದಡವೋ ಸಮುದ್ರಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲದ ಮುಖಜಭೂಮಿ. ಗಾಳಿ ದಡದತ್ತ ದಬ್ಬಿದ ನೀರಿಗೆ ಹಿಂದೆ ಸರಿಯಲು ಜಾಗವಿಲ್ಲದೆ ಊರಿನ ಮೇಲೆ ಏರುತ್ತದೆ. ಅದೇ ಹೊತ್ತಿಗೆ ಉಬ್ಬರವೂ ಇದ್ದರೆ ಮುಗಿಯಿತು. ಗೋದಾವರಿಯ ಮುಖದ ಕೋರಿಂಗ ಬಂದರು 1789ರಲ್ಲಿ ಹೀಗೆ ಕೊಚ್ಚಿಹೋಗಿತ್ತು. 1839ರ ನವೆಂಬರ್‌ನಲ್ಲಿ ಅದೇ ಊರಿಗೆ ಮತ್ತೆ ಅಪ್ಪಳಿಸಿದ ಚಂಡಮಾರುತವನ್ನು ಪಿಡಿಂಗ್ಟನ್ ಅಧ್ಯಯನ ಮಾಡಿದ್ದರು.

ಹಾಗಾಗಿ, ಹೂಗ್ಲಿ ನದಿಯಲ್ಲಿ ಹೂಳು ತುಂಬುತ್ತಿದೆ, ಸುಂದರಬನದ ಅಂಚಿನ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟೋಣ ಎಂದು ಸರ್ಕಾರ ಯೋಚಿಸಿದಾಗ ಅವರು ಸುಮ್ಮನಿರಲಿಲ್ಲ. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು ಮುದ್ರಿಸಿದರು. ಚಂಡಮಾರುತದ ಅಲೆ ಈ ಜಾಗಕ್ಕೆ ಒಂದು ದಿನ ಬಂದೇ ಬರುತ್ತದೆ, ವಸತಿ 5ರಿಂದ 15 ಅಡಿ ಉಪ್ಪುನೀರಿನಲ್ಲಿ ಮುಳುಗಬಹುದು ಎಂಬುದು ಅವರ ಎಚ್ಚರಿಕೆಯ ಸಾರ. ಬಂಗಾಳಿಯಲ್ಲಿ ಮಾತ್ಲಾ ಎಂದರೆ ಅಮಲೇರಿದ್ದು. ಊರಿನವರು ನದಿಗೆ ಇಟ್ಟ ಹೆಸರನ್ನಾದರೂ ಯೋಜನೆ ಹಾಕಿದವರು ಕೇಳಿಸಿಕೊಳ್ಳಬಹುದಿತ್ತು.

ಕೇಳಿಸಿಕೊಳ್ಳಲಿಲ್ಲ. ಪಿಡಿಂಗ್ಟನ್ 1858ರಲ್ಲಿ ಕೋಲ್ಕತ್ತದಲ್ಲೇ ತೀರಿಕೊಂಡರು. ವೈಸ್‌ರಾಯ್ ಕ್ಯಾನಿಂಗ್ ಹೆಸರಿನಲ್ಲಿ ಬಂದರು ಎದ್ದಿತು, ರೈಲು ಬಂತು, 1865ರಲ್ಲಿ ಹುಟ್ಟಿದ ಕಂಪನಿಯ ಶೇರಿಗೆ ಜನ ಮುಗಿಬಿದ್ದರು. ಅದರ ಹಿಂದಿನ ವರ್ಷವಷ್ಟೇ, 1864ರ ಅಕ್ಟೋಬರ್‌ನಲ್ಲಿ, ಹೂಗ್ಲಿ ಉದ್ದಕ್ಕೂ ನುಗ್ಗಿದ ಚಂಡಮಾರುತದ ನೀರಿಗೆ ಸುಮಾರು 50 ಸಾವಿರ ಜನ ಸತ್ತಿದ್ದರೆಂಬ ಅಂದಾಜಿದೆ. ಆದರೂ ಕ್ಯಾನಿಂಗ್ ಕೆಲಸ ನಿಲ್ಲಲಿಲ್ಲ. 1867ರ ನವೆಂಬರ್ 1ರಂದು ಸುಮಾರು 6 ಅಡಿಯ ಅಲೆ ಬಂತು. ರೈಲು ನಿಲ್ದಾಣ, ಗೋದಾಮು, ಹೋಟೆಲ್ ಗಾಳಿಗೆ ಉರುಳಿದವು. ಬಂದರು ಮತ್ತೆ ಚೇತರಿಸಿಕೊಳ್ಳಲಿಲ್ಲ, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು.

ಈ ಕಥೆಯನ್ನು ಪಿಡಿಂಗ್ಟನ್ ಅವರ ಭವಿಷ್ಯವಾಣಿ ಎಂಬಂತೆ ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಅವರು ಇಂಥ ವರ್ಷ ಎಂದು ಹೇಳಿರಲಿಲ್ಲ. ಹಳೆಯ ಬಿರುಗಾಳಿಗಳ ದಾರಿ, ಕೊಲ್ಲಿಯ ಆಕಾರ, ನೆಲದ ಎತ್ತರ ಈ ಮೂರನ್ನು ಒಟ್ಟಿಗೆ ಓದಿ, ಇಲ್ಲಿ ಬೇಡ ಎಂದಿದ್ದರು. ಇಂದು ವಿಪತ್ತು ನಿರ್ವಹಣೆಯಲ್ಲಿರುವ ಭೂಗೋಳ ತಜ್ಞರು ಅಪಾಯದ ನಕ್ಷೆ ಮಾಡುವುದೂ ಹೀಗೆಯೇ, ಸಾಧನಗಳು ಮಾತ್ರ ಬೇರೆ. ಅವರ ಲೆಕ್ಕವನ್ನು ಕ್ಯಾಪ್ಟನ್‌ಗಳು ಒಪ್ಪಿಕೊಂಡರು, ಏಕೆಂದರೆ ಹಡಗನ್ನು ತಿರುಗಿಸಬಹುದು, ಜೀವವೂ ಅವರದೇ. ಬಂದರು ಕಟ್ಟುವವರು ಹಣ ಹೂಡಿ ಆಗಿತ್ತು, ಮುಳುಗುವ ಮನೆ ಬೇರೆಯವರದಾಗಿತ್ತು.

1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಲು 1864ರ ಚಂಡಮಾರುತ ಒಂದು ಕಾರಣ. ಈಗಿನ ಚಂಡಮಾರುತ ಎಚ್ಚರಿಕೆಯಲ್ಲಿ ಗಾಳಿಯ ವೇಗದ ಜೊತೆಗೆ, ಅಂದಿನ ಉಬ್ಬರಕ್ಕಿಂತ ನೀರು ಎಷ್ಟು ಮೀಟರ್ ಮೇಲೇರಬಹುದು, ಯಾವ ಜಿಲ್ಲೆಯ ತಗ್ಗು ಮುಳುಗಬಹುದು ಎಂದೂ ಇರುತ್ತದೆ. ಮುಂದಿನ ಬಾರಿ ಸುದ್ದಿಯಲ್ಲಿ ಆ ಸಾಲನ್ನು ಹುಡುಕಿ ನೋಡಿ. ಕ್ಯಾನಿಂಗ್‌ಗೆ ಸಿಯಾಲ್ದಾದಿಂದ ಇಂದಿಗೂ ಲೋಕಲ್ ರೈಲು ಹೋಗುತ್ತದೆ. ಸುಂದರಬನ ನೋಡಲು ಹೊರಟವರು ಅಲ್ಲಿ ಇಳಿಯುತ್ತಾರೆ. ಬಂದರು ಇಲ್ಲ.