ಒಳಗಾಯಕ್ಕೆ ಅಂಜಿದ ಶಸ್ತ್ರವೈದ್ಯ: ವಿಲಿಯಂ ಹಾಲ್‌ಸ್ಟೆಡ್

ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚಿದ ಮೇಲೆ ರೋಗಿಯ ಕಣ್ಣಿಗೆ ಕಾಣುವುದು ಹೊರಗಿನ ಗಾಯದ ಕಲೆ ಮಾತ್ರ. ಒಳಗಿನ ಕಲೆ ಕಾಣುವುದಿಲ್ಲ. ಹೊಟ್ಟೆಯ ಒಳಪೊರೆಗೆ ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಅಲ್ಲಿ ಫೈಬ್ರಿನ್ ಎಂಬ ಅಂಟಾದ ಪ್ರೋಟೀನು ಶೇಖರವಾಗುತ್ತದೆ. ಅದು ಕೆಲವು ದಿನಗಳಲ್ಲಿ ಕರಗಿಹೋದರೆ ತೊಂದರೆಯಿಲ್ಲ. ಕರಗದೆ ಉಳಿದರೆ ಅದೇ ಗಟ್ಟಿ ಪಟ್ಟಿಯಾಗಿ ಬೆಳೆದು ಕರುಳಿಗೆ ಕರುಳನ್ನೇ ಕಟ್ಟಿಹಾಕುತ್ತದೆ. ವೈದ್ಯರು ಇದನ್ನು ಅಡ್ಹೀಷನ್ ಎನ್ನುತ್ತಾರೆ. ಹೊಟ್ಟೆ ತೆರೆದು ನಡೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಹುಪಾಲು ಮಂದಿಯಲ್ಲಿ ಇದು ಉಂಟಾಗುತ್ತದೆ. ಹಲವರಿಗೆ ಅದರ ಅರಿವೇ ಇರುವುದಿಲ್ಲ. ಕೆಲವರಿಗೆ ಮಾತ್ರ ವರ್ಷಗಳ ನಂತರ ಕರುಳಿನ ತಡೆ, ಹೊಟ್ಟೆನೋವು, ಮಹಿಳೆಯರಲ್ಲಿ ಬಂಜೆತನದ ರೂಪದಲ್ಲಿ ಎದುರಾಗುತ್ತದೆ.

ಇದನ್ನು ತಡೆಯಲು ವಿಜ್ಞಾನಿಗಳು ಇಂದು ನ್ಯಾನೊ ತಂತ್ರಜ್ಞಾನದ ಮೊರೆ ಹೋಗಿದ್ದಾರೆ. ಆದರೆ ಅಂಗಾಂಶವನ್ನು ನೋಯಿಸದೆ ಕತ್ತರಿಸಬೇಕೆಂಬ ಪಾಠವನ್ನು ಆಧುನಿಕ ಶಸ್ತ್ರವೈದ್ಯಕ್ಕೆ ಕಲಿಸಿದವರಲ್ಲಿ ಪ್ರಮುಖರು ಅಮೆರಿಕದ ಡಾ. ವಿಲಿಯಂ ಸ್ಟೀವರ್ಟ್ ಹಾಲ್‌ಸ್ಟೆಡ್.

ದಿಟ್ಟ ತರುಣ

ಹಾಲ್‌ಸ್ಟೆಡ್ ಜನಿಸಿದ್ದು 1852ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕ್‌ನ ಸಿರಿವಂತ ಕುಟುಂಬದಲ್ಲಿ. ಯೇಲ್‌ನಲ್ಲಿ ಓದುವಾಗ ಪುಸ್ತಕಗಳಿಗಿಂತ ಫುಟ್‌ಬಾಲ್ ಅಂಗಳವೇ ಅವರಿಗೆ ಪ್ರಿಯವಾಗಿತ್ತು. 1877ರಲ್ಲಿ ವೈದ್ಯ ಪದವಿ ಪಡೆದು, ನಂತರ ಯುರೋಪಿಗೆ ತೆರಳಿ ವಿಯೆನ್ನಾ ಮೊದಲಾದ ಕೇಂದ್ರಗಳಲ್ಲಿ ಎರಡು ವರ್ಷ ಅಭ್ಯಾಸ ಮಾಡಿದರು. 1880ರಲ್ಲಿ ಮರಳಿದ ಅವರು ಅಲ್ಪಕಾಲದಲ್ಲೇ ನ್ಯೂಯಾರ್ಕ್‌ನ ದಿಟ್ಟ ಶಸ್ತ್ರವೈದ್ಯರೆಂದು ಹೆಸರಾದರು. 1881ರಲ್ಲಿ ಹೆರಿಗೆಯ ನಂತರ ರಕ್ತಸ್ರಾವದಿಂದ ಸಾವಿನಂಚಿಗೆ ತಲುಪಿದ್ದ ಸಹೋದರಿಗೆ ತಮ್ಮದೇ ರಕ್ತವನ್ನು ತೆಗೆದು ನೀಡಿ ಉಳಿಸಿಕೊಂಡರು. ರಕ್ತದ ಗುಂಪುಗಳ ಅರಿವು ಆಗ ಜಗತ್ತಿಗೇ ಇರಲಿಲ್ಲ. 1882ರಲ್ಲಿ ತಾಯಿಯ ಪಿತ್ತಕೋಶದ ಕಲ್ಲುಗಳನ್ನು ಅಡುಗೆಮನೆಯ ಮೇಜಿನ ಮೇಲೆಯೇ ಶಸ್ತ್ರಕ್ರಿಯೆ ನಡೆಸಿ ಹೊರತೆಗೆದರು. ಆಕೆ ಗುಣಮುಖರಾದರು.

1884ರಲ್ಲಿ ಕಣ್ಣಿನ ಚಿಕಿತ್ಸೆಗೆ ಕೊಕೇನ್ ಅರಿವಳಿಕೆಯಾಗಿ ಒದಗುತ್ತದೆಂಬ ಸುದ್ದಿ ವಿಯೆನ್ನಾದಿಂದ ಬಂದಿತು. ನರಕ್ಕೆ ಚುಚ್ಚಿ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ವಿಧಾನವನ್ನು ಹಾಲ್‌ಸ್ಟೆಡ್ ಹಾಗೂ ಸಂಗಡಿಗರು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ವಿಧಾನ ಯಶಸ್ವಿಯಾಯಿತು, ಪ್ರಯೋಗಿಸಿದವರು ಚಟಕ್ಕೆ ಬಲಿಯಾದರು. 1886ರಲ್ಲಿ ಹಾಲ್‌ಸ್ಟೆಡ್ ರೋಡ್ ಐಲೆಂಡಿನ ಬಟ್ಲರ್ ಆಸ್ಪತ್ರೆ ಸೇರಬೇಕಾಯಿತು. ಮುಂದೆ ಮಾರ್ಫಿನ್ ಸೇವನೆಯಂತೂ ಜೀವನವಿಡೀ ಉಳಿಯಿತು. ಸಹೋದ್ಯೋಗಿ ವಿಲಿಯಂ ಆಸ್ಲರ್ ಬರೆದಿಟ್ಟಿದ್ದ ಗೋಪ್ಯ ದಾಖಲೆ 1969ರಲ್ಲಿ ಬಹಿರಂಗವಾದಾಗಲೇ ಈ ಸಂಗತಿ ಹೊರಜಗತ್ತಿಗೆ ಖಚಿತವಾದದ್ದು.

ಬಾಲ್ಟಿಮೋರ್‌ನ ಮೌನ

ಮುಳುಗುತ್ತಿದ್ದ ಹಾಲ್‌ಸ್ಟೆಡ್‌ರಿಗೆ ಕೈಚಾಚಿದವರು ರೋಗವಿಜ್ಞಾನಿ ವಿಲಿಯಂ ವೆಲ್ಚ್. ಅವರ ಕರೆಯ ಮೇರೆಗೆ ಬಾಲ್ಟಿಮೋರ್‌ಗೆ ಬಂದು ಪ್ರಯೋಗಾಲಯದಲ್ಲಿ ನಾಯಿಗಳ ಕರುಳನ್ನು ಹೊಲಿಯುವ ವಿಧಾನವನ್ನು ಅಧ್ಯಯನ ಮಾಡಿದರು. ಹೊಲಿಗೆ ಹಿಡಿದು ನಿಲ್ಲುವುದು ಸಬ್‌ಮ್ಯೂಕೋಸ ಎಂಬ ಒಳಪದರದ ಬಲದಿಂದ ಎಂದು 1887ರಲ್ಲಿ ತೋರಿಸಿಕೊಟ್ಟರು. ವೇಗಕ್ಕೆ ಹೆಸರಾಗಿದ್ದ ನ್ಯೂಯಾರ್ಕ್‌ನ ವೈದ್ಯ ಇಲ್ಲಿ ನಿಧಾನಿಯಾದರು. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥರಾದ ಮೇಲೆ ಅವರ ನಿಯಮಗಳು ಖಚಿತವಾಗಿದ್ದವು: ಅಂಗಾಂಶವನ್ನು ಹಗುರವಾಗಿ ಮುಟ್ಟಬೇಕು, ರಕ್ತ ಸೋರದಂತೆ ನೋಡಿಕೊಳ್ಳಬೇಕು, ಸಪೂರ ರೇಷ್ಮೆ ದಾರದಿಂದ ಎಳೆತವಿಲ್ಲದೆ ಹೊಲಿಯಬೇಕು, ಸೋಂಕು ಸುಳಿಯಬಾರದು. ಒಳಪೊರೆಗೆ ಪೆಟ್ಟು, ಸೋರಿದ ರಕ್ತ, ಸೋಂಕು ಇವೇ ಅಂಟುಪಟ್ಟಿಗೂ ಮುಖ್ಯ ಕಾರಣಗಳೆಂಬುದನ್ನು ಗಮನಿಸಿದರೆ ಈ ನಿಯಮಗಳ ಮಹತ್ವ ತಿಳಿಯುತ್ತದೆ.

ಆದರೂ ಅವರ ಹೆಸರಿನಲ್ಲೇ ಪ್ರಸಿದ್ಧವಾದ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಎದೆಯ ಸ್ನಾಯುಗಳನ್ನೂ ತೆಗೆದುಹಾಕುವಷ್ಟು ಉಗ್ರವಾಗಿತ್ತು. ಅಷ್ಟೊಂದು ಕತ್ತರಿಸುವುದು ಅನಗತ್ಯವೆಂದು 20ನೇ ಶತಮಾನದ ಉತ್ತರಾರ್ಧದ ಅಧ್ಯಯನಗಳು ತೋರಿಸಿದವು.

ಕೈಗವಸು ತಂದ ಹೊಸ ತೊಡಕು

1889–90ರ ಚಳಿಗಾಲದಲ್ಲಿ ಶಸ್ತ್ರಕೊಠಡಿಯ ಶುಶ್ರೂಷಕಿ ಕ್ಯಾರೊಲಿನ್ ಹ್ಯಾಂಪ್ಟನ್‌ರ ಕೈ ಚರ್ಮವು ಕ್ರಿಮಿನಾಶಕ ಮರ್ಕ್ಯುರಿಕ್ ಕ್ಲೋರೈಡ್‌ನಿಂದ ಬಿರಿಯತೊಡಗಿತು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳುವಾದ ಕೈಗವಸುಗಳನ್ನು ಮಾಡಿಸಿಕೊಟ್ಟರು. 1890ರ ಜೂನ್‌ನಲ್ಲಿ ಇಬ್ಬರೂ ವಿವಾಹವಾದರು. ಶುಶ್ರೂಷಕಿಯ ಕೈ ಕಾಯಲು ಬಂದ ಕೈಗವಸು ರೋಗಿಯನ್ನೂ ಸೋಂಕಿನಿಂದ ಕಾಯುತ್ತದೆಂಬುದನ್ನು ಅವರ ಶಿಷ್ಯ ಜೋಸೆಫ್ ಬ್ಲಡ್‌ಗುಡ್ 1899ರ ವೇಳೆಗೆ ತೋರಿಸಿದರು.

ವಿಪರ್ಯಾಸವೆಂದರೆ, ಕೈಗವಸು ಸಲೀಸಾಗಿ ಏರಲೆಂದು ಬಳಕೆಗೆ ಬಂದ ಟಾಲ್ಕ್ ಪುಡಿ ಹೊಟ್ಟೆಯೊಳಗೆ ಉದುರಿ ಗಂಟುಗಳಿಗೂ ಅಂಟುಪಟ್ಟಿಗೂ ಕಾರಣವಾಯಿತು. 1940ರ ದಶಕದ ಕೊನೆಯಲ್ಲಿ ಅದರ ಬದಲಿಗೆ ಪಿಷ್ಟದ ಪುಡಿ ಬಂದಿತು. ಅದೂ ನಿರಪಾಯಕಾರಿಯಲ್ಲವೆಂದು ಕ್ರಮೇಣ ತಿಳಿಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪುಡಿ ಹಾಕಿದ ವೈದ್ಯಕೀಯ ಕೈಗವಸನ್ನು ನಿಷೇಧಿಸಿದ್ದು 2017ರ ಜನವರಿಯಿಂದ. ಮೊದಲ ಕೈಗವಸು ಬಂದು ಅಷ್ಟರಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಸಂದಿತ್ತು.

ಹಾಲ್‌ಸ್ಟೆಡ್‌ರನ್ನೂ ಕೊನೆಗೆ ಕಾಡಿದ್ದು ತಾಯಿಗಿದ್ದ ಅದೇ ಪಿತ್ತದ ಕಲ್ಲು. 1919ರಲ್ಲಿ ಒಮ್ಮೆ, 1922ರಲ್ಲಿ ಮತ್ತೊಮ್ಮೆ ಅವರಿಗೆ ಶಸ್ತ್ರಚಿಕಿತ್ಸೆ ನಡೆಸಿದವರು ಅವರೇ ತರಬೇತು ನೀಡಿದ ಶಿಷ್ಯರು. ಎರಡನೆಯ ಚಿಕಿತ್ಸೆಯ ನಂತರ ಚೇತರಿಸಿಕೊಳ್ಳದೆ 1922ರ ಸೆಪ್ಟೆಂಬರ್ 7ರಂದು ನಿಧನರಾದರು.

ಅಂಟುಪಟ್ಟಿ ತಡೆಯಲು ಅಂಗಗಳ ನಡುವೆ ಇರಿಸಿ ಕರಗಿಹೋಗುವ ಪೊರೆಗಳು 1990ರ ದಶಕದಿಂದ ಬಳಕೆಯಲ್ಲಿವೆ. ಈಗಿನ ಸಂಶೋಧನೆ ತಲೆಗೂದಲಿಗಿಂತ ನೂರಾರು ಪಟ್ಟು ಸಪೂರವಾದ ನ್ಯಾನೊ ನಾರಿನ ಪೊರೆಯತ್ತ ಹೊರಳಿದೆ. ಗಾಯ ಮಾಯುವ ಮೊದಲ ದಿನಗಳಲ್ಲಿ ಅಂಗಗಳನ್ನು ಬೇರ್ಪಡಿಸಿಟ್ಟು, ಒಳಗೆ ತುಂಬಿದ ಉರಿಯೂತ ನಿವಾರಕ ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವುದು ಇದರ ಉದ್ದೇಶ. ಈ ಕೆಲಸದ ಬಹುಭಾಗ ಪ್ರಯೋಗಾಲಯ ಹಾಗೂ ಪ್ರಾಣಿಗಳ ಮೇಲಿನ ಪರೀಕ್ಷೆಯ ಹಂತದಲ್ಲಿದೆ. ಒಳ್ಳೆಯದೆಂದು ದೇಹದೊಳಗೆ ಇಳಿಸಿದ ಪುಡಿಯೇ ಗಾಯವಾದ ಚರಿತ್ರೆ ಕಣ್ಣೆದುರಿಗಿರುವಾಗ ಹೊಸ ಕಣಗಳನ್ನು ದೀರ್ಘಕಾಲ ಪರೀಕ್ಷಿಸುವುದು ಅನಿವಾರ್ಯ. ಅಲ್ಲಿಯವರೆಗೂ, ಅದರ ನಂತರವೂ, ರೋಗಿಗೆ ಮೊದಲ ರಕ್ಷಣೆ ಹಾಲ್‌ಸ್ಟೆಡ್ ಕಲಿಸಿದ ಹಗುರವಾದ ಕೈ.