ನಾಗವಲ್ಲಿಯ ಗೆಲುವು ಕಾಣದ ಸೌಂದರ್ಯ

ಬೀಗ ಜಡಿದ ಕೋಣೆ, ಇರುಳಲ್ಲಿ ಕೇಳಿಬರುವ ಗೆಜ್ಜೆಯ ಸಪ್ಪಳ, ನರ್ತಕಿಯ ತೈಲಚಿತ್ರ ಎಂದೊಡನೆ ಕನ್ನಡ ಪ್ರೇಕ್ಷಕರಿಗೆ ನೆನಪಾಗುವುದು ‘ಆಪ್ತಮಿತ್ರ’. 2004ರ ಆಗಸ್ಟ್ 27ರಂದು ತೆರೆಕಂಡ ಈ ಚಿತ್ರದ ಅಭೂತಪೂರ್ವ ಯಶಸ್ಸಿನಲ್ಲಿ ಸಿಂಹಪಾಲು ಪಡೆಯಬೇಕಿದ್ದ ನಾಯಕಿ ಸೌಂದರ್ಯ, ಅಷ್ಟರಲ್ಲಾಗಲೇ ಇಹಲೋಕ ತ್ಯಜಿಸಿ ನಾಲ್ಕು ತಿಂಗಳು ಕಳೆದಿದ್ದವು.

ಕೋಲಾರ ಜಿಲ್ಲೆಯ ಮುಳಬಾಗಿಲು ಮೂಲದ ಸೌಂದರ್ಯ ಅವರ ಹುಟ್ಟುಹೆಸರು ಸೌಮ್ಯ. ತಂದೆ ಕೆ.ಎಸ್. ಸತ್ಯನಾರಾಯಣ ಚಿತ್ರಸಾಹಿತಿ ಹಾಗೂ ನಿರ್ಮಾಪಕರು. ವೈದ್ಯಕೀಯ ಶಿಕ್ಷಣವನ್ನು ಅರ್ಧಕ್ಕೇ ಬಿಟ್ಟ ಸೌಂದರ್ಯ, 1992ರ ‘ಗಂಧರ್ವ’ದ ಹೊತ್ತಿಗೆ ಬಣ್ಣದ ಲೋಕ ಪ್ರವೇಶಿಸಿದರು. ತೆಲುಗಿನ ‘ಅಮ್ಮೋರು’ (1995) ಅವರನ್ನು ತಾರೆಯಾಗಿಸಿತು. ತೆಲುಗು ಮನೆಗಳಲ್ಲಿ ಅವರು ಮನೆಮಗಳೇ ಆದರು. ಹಿಂದಿಯ ‘ಸೂರ್ಯವಂಶಂ’ (1999) ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಜೊತೆ ನಟಿಸಿದರು. ಆದರೂ ತವರನ್ನು ಮರೆಯಲಿಲ್ಲ. ನಾ. ಡಿಸೋಜ ಅವರ ಕೃತಿಯನ್ನಾಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ದ್ವೀಪ’ವನ್ನು ಸ್ವತಃ ನಿರ್ಮಿಸಿ, ನಟಿಸಿ, ಸ್ವರ್ಣಕಮಲಕ್ಕೆ ಪಾತ್ರರಾದರು.

‘ಆಪ್ತಮಿತ್ರ’ದ ಮೂಲ, ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ (1993). ಅದರ ನಾಯಕಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಆ ಪಾತ್ರವನ್ನು ಮತ್ತೆ ನಿರ್ವಹಿಸುವುದು ಸುಲಭದ ಮಾತಾಗಿರಲಿಲ್ಲ. ನಿರ್ಮಾಪಕ ದ್ವಾರಕೀಶ್ ಅವರಿಗೂ ಇದು ಅಗ್ನಿಪರೀಕ್ಷೆಯೇ. ಸಾಲುಸಾಲು ಸೋಲುಗಳ ನಂತರ, ಬಹುಕಾಲ ದೂರವಿದ್ದ ಗೆಳೆಯ ವಿಷ್ಣುವರ್ಧನ್ ಜೊತೆ ಅವರು ಮತ್ತೆ ಕೈಜೋಡಿಸಿದ್ದರು. ನಿರ್ದೇಶನದ ಹೊಣೆ ಪಿ. ವಾಸು ಅವರದು, ಸಂಗೀತ ಗುರುಕಿರಣ್ ಅವರದು.

ಮಲಯಾಳಂನಲ್ಲಿ ತಮಿಳು ನುಡಿಯುತ್ತಿದ್ದ ನರ್ತಕಿ ಇಲ್ಲಿ ತೆಲುಗಿನವಳಾದಳು. ಕನ್ನಡದ ಗೃಹಿಣಿ ಗಂಗಾ, ಮನೋವ್ಯಾಧಿ ಉಲ್ಬಣಿಸಿದಾಗ ತೆಲುಗಿನ ನಾಗವಲ್ಲಿಯಾಗುತ್ತಾಳೆ. ಆಂಧ್ರದ ಗಡಿಯಂಚಿನ ಊರಿನ ಮೂಲದ, ಎರಡೂ ಭಾಷೆಗಳ ಚಿತ್ರರಂಗದಲ್ಲಿ ಬೆಳೆದ ಸೌಂದರ್ಯ ಅವರಿಗೆ ಈ ಬದಲಾವಣೆ ಹೇಳಿಮಾಡಿಸಿದಂತಿತ್ತು. ಕೌಟುಂಬಿಕ ಪಾತ್ರಗಳಲ್ಲಿ ಕಂಡಿದ್ದ ಸೌಮ್ಯ ಮುಖ ಕಣ್ಣರಳಿಸಿ ಕೆರಳಿದಾಗ ಚಿತ್ರಮಂದಿರಗಳು ಸ್ತಬ್ಧವಾದವು.

2004ರ ಏಪ್ರಿಲ್ 17ರಂದು ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಪರ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟಿದ್ದ ಅವರ ಲಘು ವಿಮಾನ, ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಪತನವಾಯಿತು. ಸಹೋದರ ಅಮರನಾಥ್ ಸೇರಿ ವಿಮಾನದಲ್ಲಿದ್ದ ನಾಲ್ವರೂ ಅಸುನೀಗಿದರು. ಸೌಂದರ್ಯ ಅವರ ವಿವಾಹವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಗಂಗಾ ಪಾತ್ರಕ್ಕೆ ಸಂದ ಫಿಲಂಫೇರ್ ಪ್ರಶಸ್ತಿ ಮರಣೋತ್ತರವಾಗಿತ್ತು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಕೂಡ ನಿಧನರಾದರು. ಅವರ ‘ಆಪ್ತರಕ್ಷಕ’ ಬಿಡುಗಡೆಯಾದದ್ದು ಅನಂತರ, 2010ರ ಫೆಬ್ರುವರಿಯಲ್ಲಿ. ಎರಡೂ ಸಾವುಗಳನ್ನು ನಾಗವಲ್ಲಿಯ ಶಾಪಕ್ಕೆ ತಳುಕುಹಾಕುವ ವದಂತಿ ಹಬ್ಬಿತು. ವಿಪರ್ಯಾಸವೆಂದರೆ, ‘ಆಪ್ತಮಿತ್ರ’ ಸಾರಿದ್ದು ಇದಕ್ಕೆ ತದ್ವಿರುದ್ಧವಾದುದನ್ನು. ಆ ಬಂಗಲೆಯಲ್ಲಿ ಕಾಡುವುದು ದೆವ್ವವಲ್ಲ, ನೊಂದ ಮನಸ್ಸು. ಗಂಗಾಳನ್ನು ಉಳಿಸಲು ಮಂತ್ರವಾದಿಯೂ ಮನೋವೈದ್ಯನೊಡನೆ ಕೈಗೂಡಿಸುತ್ತಾನೆ. ಇಂಥ ಕಥೆಗೆ ಜೀವ ತುಂಬಿದ ನಟಿಯ ಸಾವಿಗೇ ದೆವ್ವದ ಕಥೆ ಕಟ್ಟುವುದು ಆಕೆಯ ಶ್ರಮಕ್ಕೆ ಎಸಗುವ ಅಪಚಾರ. ಜಕ್ಕೂರಿನಲ್ಲಿ ನಡೆದದ್ದು ವಿಮಾನ ದುರಂತ. ತೆರೆಯ ಮೇಲೆ ನಡೆದದ್ದು ಅಭಿನಯ. ನಾಗವಲ್ಲಿ ಇಂದಿಗೂ ಬೆಚ್ಚಿಬೀಳಿಸುತ್ತಾಳೆಂದರೆ, ಅದರ ಶ್ರೇಯಸ್ಸು ಸೌಂದರ್ಯ ಅವರಿಗೇ ಸಲ್ಲಬೇಕು.